ಗಣಕಯಂತ್ರಗಳ ದೂರನಿರ್ವಹಣೆ: ಬೀಗದ ಕೈ ಯಾರಲ್ಲಿರಬೇಕು?

ಗೋಲ್ಕೊಂಡ ಕೋಟೆಯನ್ನು ನೋಡಲು ಹೋದವರಲ್ಲಿ ಪ್ರವೇಶದ್ವಾರದ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟದೆ ಹಿಂದಿರುಗಿದವರು ವಿರಳ. ಅಲ್ಲಿ ತಟ್ಟಿದ ಚಪ್ಪಾಳೆಯ ಸದ್ದು ಬೆಟ್ಟದ ನೆತ್ತಿಯಲ್ಲಿರುವ ಬಾಲಾ ಹಿಸ್ಸಾರಿನಲ್ಲಿ ಸ್ಪಷ್ಟವಾಗಿ ಕೇಳಿಬರುವುದು. ಹೆಬ್ಬಾಗಿಲಿನಲ್ಲಿ ಏನು ನಡೆಯುತ್ತಿದೆಯೆಂಬುದನ್ನು ದೂರದಲ್ಲಿರುವ ಒಡೆಯನಿಗೆ ಕ್ಷಣಮಾತ್ರದಲ್ಲಿ ತಿಳಿಸಬಲ್ಲ ಈ ಏರ್ಪಾಡು ಅಂದಿನ ಶಿಲ್ಪಿಗಳ ಜಾಣ್ಮೆಗೆ ಸಾಕ್ಷಿ. ಆದರೆ ಇತಿಹಾಸವು ಇದೇ ಕೋಟೆಯ ಬಗ್ಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ೧೬೮೭ರಲ್ಲಿ ಔರಂಗಜೇಬನ ಸೇನೆಯು ಸುಮಾರು ಎಂಟು ತಿಂಗಳ ಕಾಲ ಮುತ್ತಿಗೆ ಹಾಕಿಯೂ ಭೇದಿಸಲಾರದೆ ಹೋದ ಕೋಟೆ ಕಡೆಗೆ ವಶವಾದುದು ಫಿರಂಗಿಗಳ ಬಲದಿಂದಲ್ಲ. ಆಮಿಷಕ್ಕೆ ಒಳಗಾದ ಅಧಿಕಾರಿಯೊಬ್ಬನು ರಾತ್ರಿಯ ವೇಳೆ ಒಳಗಿನಿಂದ ಬಾಗಿಲು ತೆರೆದುದರಿಂದ. ದೂರದ ಎಚ್ಚರಿಕೆಗೆ ವ್ಯವಸ್ಥೆಯಿತ್ತು. ಬಾಗಿಲಿನ ಬೀಗದ ಕೈಗೆ ತಕ್ಕ ವ್ಯವಸ್ಥೆಯಿರಲಿಲ್ಲ.

ಈ ಎರಡು ಮಾತುಗಳೂ ಇಂದಿನ ಹೈದರಾಬಾದಿನ ಪ್ರಮುಖ ಉದ್ಯೋಗಗಳಲ್ಲೊಂದಾದ ಗಣಕಯಂತ್ರಗಳ ದೂರನಿರ್ವಹಣೆಗೆ ಯಥಾವತ್ತಾಗಿ ಅನ್ವಯಿಸುತ್ತವೆ. ಈ ನಗರದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮಕ್ಕಳು ಈ ಉದ್ಯೋಗದಲ್ಲಿ ನಿರತರಾಗಿದ್ದಾರೆ. ಆದರೂ ಅವರು ರಾತ್ರಿಯೆಲ್ಲ ಎಚ್ಚರವಿದ್ದು ಮಾಡುವ ಕೆಲಸವಾದರೂ ಏನು, ಅದರಲ್ಲಿ ಸಾಮಾನ್ಯ ನಾಗರಿಕನ ಹಿತವೆಷ್ಟು, ಅಪಾಯವೆಷ್ಟು ಎಂಬುದು ಹಿರಿಯರಲ್ಲಿ ಅನೇಕರಿಗೆ ತಿಳಿಯದು.

ಯಂತ್ರವು ದೂರ ಸರಿದ ಬಗೆ

ಅನೇಕ ಗಣಕಗಳಿಗೆ ಏಕಕಾಲದಲ್ಲಿ ಮಾಹಿತಿಯನ್ನು ಒದಗಿಸುವ, ಲೆಕ್ಕಪತ್ರಗಳನ್ನು ಕಾಪಾಡುವ ಮುಖ್ಯ ಗಣಕಕ್ಕೆ ಸರ್ವರ್ ಎಂದು ಹೆಸರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಎಲ್ಲ ಗುಮಾಸ್ತರೂ ನೋಡಬಹುದಾದ ಏಕಮಾತ್ರ ಮಹಾ ಲೆಡ್ಜರು. ಇಂಥ ಯಂತ್ರ ಒಂದು ಕಾಲಕ್ಕೆ ಕಣ್ಣೆದುರಿಗೇ ಇರುತ್ತಿತ್ತು. ೧೯೮೩ರಲ್ಲಿ ಬ್ಯಾಂಕುಗಳ ಆಡಳಿತ ವರ್ಗ ಮತ್ತು ನೌಕರ ಸಂಘಗಳ ನಡುವೆ ಯಾಂತ್ರೀಕರಣದ ಒಪ್ಪಂದವಾಯಿತು. ಮರುವರ್ಷ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ ತನ್ನ ವರದಿಯನ್ನು ಸಲ್ಲಿಸಿತು. ಬಳಿಕ ಶಾಖೆಗಳಿಗೆ ಲೆಡ್ಜರು ಬರೆಯುವ ಯಂತ್ರಗಳು ಬಂದವು. ಅನಂತರ ಶಾಖೆಗೊಂದು ಸರ್ವರ್ ಬಂದಿತು. ಅದು ಕೆಟ್ಟರೆ ಜಿಲ್ಲಾ ಕೇಂದ್ರದಿಂದ ತಂತ್ರಜ್ಞನು ಬಸ್ಸಿನಲ್ಲಿ ಬರಬೇಕಾಗಿತ್ತು. ಅವನು ಬರುವವರೆಗೆ ಗ್ರಾಹಕರು ಕಾಯಬೇಕು, ಗುಮಾಸ್ತರು ಮತ್ತೆ ಲೇಖನಿ ಹಿಡಿಯಬೇಕು.

ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಬಂದಮೇಲೆ ಶಾಖೆಗಳಲ್ಲಿದ್ದ ಸರ್ವರುಗಳ ಕೆಲಸವೆಲ್ಲ ದೂರದ ದತ್ತಾಂಶ ಕೇಂದ್ರಗಳಿಗೆ ವರ್ಗವಾಯಿತು. ಈ ಪರಿವರ್ತನೆಯಲ್ಲಿ ಹೈದರಾಬಾದಿನ ಪಾತ್ರ ಗಣನೀಯವಾದುದು. ರಿಸರ್ವ್ ಬ್ಯಾಂಕು ೧೯೯೬ರಲ್ಲಿ ಇಲ್ಲಿನ ಮಾಸಾಬ್ ಟ್ಯಾಂಕ್ ಪ್ರದೇಶದಲ್ಲಿ ಬ್ಯಾಂಕಿಂಗ್ ತಂತ್ರಜ್ಞಾನ ಅಭಿವೃದ್ಧಿ ಮತ್ತು ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಐ.ಡಿ.ಆರ್.ಬಿ.ಟಿ. ಎಂದು ಪರಿಚಿತವಾಗಿರುವ ಈ ಸಂಸ್ಥೆ ೧೯೯೯ರಲ್ಲಿ ಇನ್ಫಿನೆಟ್ ಎಂಬ, ಬ್ಯಾಂಕುಗಳ ಬಳಕೆಗೆಂದೇ ಮೀಸಲಾದ ಸಂಪರ್ಕಜಾಲವನ್ನು ಆರಂಭಿಸಿತು. ೨೦೦೪ರ ಆಗಸ್ಟ್ ೨೭ರಂದು ಇದೇ ಸಂಸ್ಥೆ ರೂಪಿಸಿದ ರಾಷ್ಟ್ರೀಯ ಹಣಕಾಸು ಸ್ವಿಚ್ ಕಾರ್ಯಾರಂಭ ಮಾಡಿತು. ಒಂದು ಬ್ಯಾಂಕಿನ ಗ್ರಾಹಕನು ಇನ್ನೊಂದು ಬ್ಯಾಂಕಿನ ಎ.ಟಿ.ಎಂ.ನಿಂದ ಹಣ ಪಡೆಯುವಂತೆ ಮಾಡಿದ ವ್ಯವಸ್ಥೆಯಿದು. ಅದಕ್ಕೆ ಮೊತ್ತಮೊದಲು ಸೇರಿದ ಮೂರು ಬ್ಯಾಂಕುಗಳಲ್ಲಿ ೧೯೦೬ರಲ್ಲಿ ಉಡುಪಿಯಲ್ಲಿ ಜನ್ಮತಾಳಿದ ಕಾರ್ಪೊರೇಷನ್ ಬ್ಯಾಂಕೂ ಒಂದೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ವಿಷಯ. ೨೦೦೯ರ ಡಿಸೆಂಬರಿನಲ್ಲಿ ಈ ಸ್ವಿಚ್ಚಿನ ಹೊಣೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮಕ್ಕೆ ಸೇರಿತು. ಕಾರ್ಪೊರೇಷನ್ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಹಿಂದೆ ಸಂಜೆ ಲೆಡ್ಜರು ತಾಳೆಯಾದರೆ ಬ್ಯಾಂಕಿನ ದಿನ ಮುಗಿಯುತ್ತಿತ್ತು. ಈಗ ಹಾಗಲ್ಲ. ನೆಫ್ಟ್ ಸೇವೆ ೨೦೧೯ರ ಡಿಸೆಂಬರಿನಿಂದಲೂ, ಆರ್.ಟಿ.ಜಿ.ಎಸ್. ಸೇವೆ ೨೦೨೦ರ ಡಿಸೆಂಬರಿನಿಂದಲೂ ದಿನದ ೨೪ ಗಂಟೆಗಳ ಕಾಲ ನಡೆಯತೊಡಗಿದವು. ಮುಚ್ಚದ ಅಂಗಡಿಗೆ ಮಲಗದ ಕಾವಲುಗಾರನು ಬೇಕೇ ಬೇಕು. ದೂರನಿರ್ವಹಣೆ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದುದಕ್ಕೆ ಇದೂ ಒಂದು ಕಾರಣ.

ದೂರದಿಂದ ನಡೆಯುವ ಶುಶ್ರೂಷೆ

ಸರ್ವರಿನ ನಿರ್ವಾಹಕನನ್ನು ವೈದ್ಯನಿಗೆ ಹೋಲಿಸಿದರೆ ಅವನ ಕೆಲಸ ಸುಲಭವಾಗಿ ಅರ್ಥವಾಗುವುದು. ಮೊದಲನೆಯದು ನಾಡಿಪರೀಕ್ಷೆ. ದೂರದ ಯಂತ್ರಕ್ಕೆ ಕ್ಷಣಕ್ಷಣಕ್ಕೂ ಒಂದು ಚಿಕ್ಕ ಸಂದೇಶ ಹೋಗುತ್ತದೆ; ಅದು ಉತ್ತರಿಸಿದರೆ ಜೀವಂತವಾಗಿದೆಯೆಂದು ಅರ್ಥ, ಉತ್ತರ ತಡವಾದರೆ ಆಯಾಸಗೊಂಡಿದೆಯೆಂದು ಅರ್ಥ. ಎರಡನೆಯದು ಜ್ವರದ ಮಾಪನ: ಯಂತ್ರದ ಉಷ್ಣತೆಯೆಷ್ಟು, ಜ್ಞಾಪಕಕೋಶ ಎಷ್ಟು ತುಂಬಿದೆ, ತಟ್ಟೆಗಳಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನು ಪರದೆಯ ಮೇಲಿನ ಅಂಕಿಗಳು ತೋರಿಸುತ್ತವೆ. ಮೂರನೆಯದು ರೋಗಿಯ ದಿನಚರಿಯ ಅವಲೋಕನ. ಯಂತ್ರವು ತನ್ನಲ್ಲಿ ನಡೆದುದನ್ನೆಲ್ಲ, ಯಾರು ಯಾವ ಗಳಿಗೆಯಲ್ಲಿ ಒಳಬಂದರು, ಏನು ಮಾಡಿದರು ಎಂಬ ಸಮೇತ, ದಾಖಲಿಸುತ್ತ ಹೋಗುತ್ತದೆ. ನಾಲ್ಕನೆಯದು ಲಸಿಕೆ: ತಂತ್ರಾಂಶದಲ್ಲಿ ದೋಷ ಕಂಡುಬಂದಾಗ ಅದರ ತಯಾರಕರು ತಿದ್ದುಪಡಿಯನ್ನು ಹೊರಡಿಸುತ್ತಾರೆ, ಅದನ್ನು ಕಾಲಕ್ಕೆ ಸರಿಯಾಗಿ ಹಾಕಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪ್ರತಿಯ ಸಂರಕ್ಷಣೆ. ಮಾಹಿತಿಗೆ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ಈ ವೃತ್ತಿಯ ನಿಯಮ. ಶಾಖೆಯ ತಿಜೋರಿಯ ನಕಲು ಕೀಲಿಕೈಯನ್ನು ಇನ್ನೊಂದು ಶಾಖೆಯಲ್ಲಿಡುವ ಬ್ಯಾಂಕಿನ ಹಳೆಯ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಒಂದೆಡೆ ನೆರೆಯೋ ಬೆಂಕಿಯೋ ಬಂದರೂ ಇನ್ನೊಂದೆಡೆ ಲೆಕ್ಕ ಉಳಿದಿರಬೇಕು.

ದೂರದಿಂದಲೇ ಕೆಲಸ ಮಾಡಬಹುದೆಂಬುದನ್ನು ಈ ದೇಶಕ್ಕೆ ಮೊದಲು ತೋರಿಸಿಕೊಟ್ಟ ನಗರ ಬೆಂಗಳೂರು. ೧೯೮೫ರಲ್ಲಿ ಅಲ್ಲಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಉಪಗ್ರಹದ ಮೂಲಕ ಹೊರದೇಶದ ಗಣಕಗಳೊಡನೆ ಸಂಪರ್ಕ ಕಲ್ಪಿಸಿಕೊಂಡು ಕೆಲಸ ಮಾಡಿತು. ಹೈದರಾಬಾದಿನಲ್ಲಿ ೧೯೯೮ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಕಟ್ಟಡ ಉದ್ಘಾಟನೆಗೊಂಡ ಮೇಲೆ ಮಾಧಾಪುರದ ಬಂಡೆಗಳ ನಡುವೆ ಇಂಥ ಕಚೇರಿಗಳು ಸಾಲುಸಾಲಾಗಿ ಎದ್ದವು. ೨೦೨೨ರ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆ ತನ್ನ ಬಾಡಿಗೆ ಸರ್ವರುಗಳ ಸಮೂಹವೊಂದನ್ನು ಈ ನಗರದಲ್ಲಿ ತೆರೆಯಿತು. ಹೀಗೆ ಒಂದೇ ಊರು ದೂರದ ಯಂತ್ರಗಳನ್ನು ನೋಡಿಕೊಳ್ಳುವವರಿಗೂ, ದೂರದವರು ನೋಡಿಕೊಳ್ಳುವ ಯಂತ್ರಗಳಿಗೂ ಆಶ್ರಯವಾಗಿದೆ.

ದೂರದ ಶುಶ್ರೂಷೆಗೆ ಮಿತಿಯೂ ಉಂಟು. ೨೦೨೪ರ ಜುಲೈ ೧೯ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ತಿದ್ದುಪಡಿಯಿಂದ ಜಗತ್ತಿನಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅಂದು ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಪ್ರವೇಶಪತ್ರಗಳನ್ನು ಕೊಡಬೇಕಾಯಿತು. ರೋಗ ಹಬ್ಬಿದ್ದು ದೂರದಿಂದ, ನಿಮಿಷಗಳಲ್ಲಿ. ಆದರೆ ಎಚ್ಚರವೇ ತಪ್ಪಿದ ಯಂತ್ರಕ್ಕೆ ದೂರದ ಆಜ್ಞೆ ಕೇಳಿಸದು. ಅನೇಕ ಕಡೆ ತಂತ್ರಜ್ಞರು ಯಂತ್ರದಿಂದ ಯಂತ್ರಕ್ಕೆ ನಡೆದುಹೋಗಿ ಕೈಯಿಂದಲೇ ಸರಿಪಡಿಸಬೇಕಾಯಿತು. ಲಸಿಕೆಯನ್ನು ಮೊದಲು ಕೆಲವರಿಗೆ ಹಾಕಿ, ಪರಿಣಾಮ ನೋಡಿ, ಬಳಿಕ ಎಲ್ಲರಿಗೂ ಹಾಕಬೇಕೆಂಬ ವೈದ್ಯಶಾಸ್ತ್ರದ ವಿವೇಕವೇ ಇಲ್ಲಿಯೂ ಸಲ್ಲುತ್ತದೆ.

ದಿಡ್ಡಿ ಬಾಗಿಲಿನ ಪ್ರಶ್ನೆ

ದೋಷ ಅರಿಯದೆ ನಡೆದಾಗ ಇಷ್ಟಾದರೆ, ವಂಚನೆ ಅರಿತೇ ನಡೆದಾಗ ಏನಾಗಬಹುದು? ಇದಕ್ಕೆ ಉತ್ತರವೂ ಹೈದರಾಬಾದಿನಲ್ಲಿಯೇ ದೊರೆಯುತ್ತದೆ. ೨೦೨೨ರ ಜನವರಿಯಲ್ಲಿ ಈ ನಗರದ ಆಂಧ್ರಪ್ರದೇಶ ಮಹೇಶ್ ಸಹಕಾರಿ ನಗರ ಬ್ಯಾಂಕಿನಿಂದ ೧೨ ಕೋಟಿ ರೂಪಾಯಿಗಳಿಗೂ ಮಿಗಿಲಾದ ಹಣ ಕಳವಾಯಿತು. ಗೋಡೆ ಕೊರೆಯಲಿಲ್ಲ, ತಿಜೋರಿ ಒಡೆಯಲಿಲ್ಲ. ಪೊಲೀಸರು ತನಿಖೆಯ ಬಳಿಕ ಪ್ರಕಟಿಸಿದಂತೆ, ೨೦೨೧ರ ನವೆಂಬರಿನಲ್ಲಿಯೇ ಬ್ಯಾಂಕಿನ ನೌಕರರಿಗೆ ಕಪಟ ಇ-ಮೇಲ್‌ಗಳು ಬಂದಿದ್ದವು. ಅವುಗಳನ್ನು ತೆರೆದಾಗ ಗಣಕದೊಳಗೆ ಗುಪ್ತವಾದ ತಂತ್ರಾಂಶವೊಂದು ಸೇರಿಕೊಂಡಿತು. ಅದು ಯಂತ್ರದ ಹತೋಟಿಯನ್ನು ದೂರದಲ್ಲಿದ್ದ ಅಪರಿಚಿತರ ಕೈಗೆ ಕೊಟ್ಟಿತು. ಅವರು ವಾರಗಟ್ಟಲೆ ಕಾದು ಸರ್ವರಿನ ಸರ್ವಾಧಿಕಾರವನ್ನು ಪಡೆದರು. ಬಳಿಕ ಹಣವನ್ನು ನೂರಾರು ಖಾತೆಗಳಿಗೆ ಹಂಚಿದರು. ಸೈಬರ್ ಭದ್ರತೆಯ ನಿಯಮಗಳ ಪಾಲನೆಯಲ್ಲಿನ ಲೋಪಕ್ಕಾಗಿ ರಿಸರ್ವ್ ಬ್ಯಾಂಕು ೨೦೨೩ರಲ್ಲಿ ಆ ಬ್ಯಾಂಕಿಗೆ ೬೫ ಲಕ್ಷ ರೂಪಾಯಿಗಳ ದಂಡ ವಿಧಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರಾಮಾಣಿಕನಾದ ನಿರ್ವಾಹಕನು ದೂರದಿಂದ ಯಂತ್ರವನ್ನು ಸರಿಪಡಿಸಲು ಬಳಸುವ ಮಾರ್ಗಕ್ಕೂ, ಕಳ್ಳನು ಒಳನುಗ್ಗುವ ಮಾರ್ಗಕ್ಕೂ ವ್ಯತ್ಯಾಸ ಅತ್ಯಲ್ಪ. ಇಬ್ಬರೂ ಬರುವುದು ತಂತಿಯ ಮೂಲಕವೇ. ಇಬ್ಬರೂ ಕೊಡುವುದು ಅದೇ ಗುಪ್ತಪದವನ್ನೇ. ಎದುರಿಗೆ ನಿಂತ ಮನುಷ್ಯನ ಮುಖವನ್ನು ಗುರುತಿಸುವಂತೆ ಯಂತ್ರವು ಮುಖವನ್ನು ಗುರುತಿಸದು, ಕೀಲಿಕೈಯನ್ನು ಮಾತ್ರ ಗುರುತಿಸುತ್ತದೆ. ಆದಕಾರಣ ದೂರನಿರ್ವಹಣೆಯ ನಿಜವಾದ ಸಮಸ್ಯೆ ಯಂತ್ರಕ್ಕೆ ಸಂಬಂಧಿಸಿದುದಕ್ಕಿಂತ ಹೆಚ್ಚಾಗಿ ಕೀಲಿಕೈಗೆ ಸಂಬಂಧಿಸಿದುದು.

ಈ ಸಮಸ್ಯೆಗೆ ಬ್ಯಾಂಕುಗಳು ತಲೆಮಾರುಗಳ ಹಿಂದೆಯೇ ಪರಿಹಾರ ಕಂಡುಕೊಂಡಿವೆ. ಭದ್ರಕೋಣೆಗೆ ಎರಡು ಬೀಗ. ಒಂದರ ಕೈ ನಗದು ಅಧಿಕಾರಿಯಲ್ಲಿ, ಇನ್ನೊಂದರದು ವ್ಯವಸ್ಥಾಪಕನಲ್ಲಿ. ಇಬ್ಬರೂ ಕೂಡಿ ಬಾರದೆ ಬಾಗಿಲು ತೆರೆಯದು. ವೋಚರನ್ನು ಬರೆಯುವವನೊಬ್ಬ, ಪರಿಶೀಲಿಸಿ ರುಜು ಹಾಕುವವನು ಇನ್ನೊಬ್ಬ. ವ್ಯವಸ್ಥಾಪಕನ ಮೇಲೆ ಸಂದೇಹವಿರುವುದರಿಂದ ಈ ನಿಯಮ ಹುಟ್ಟಲಿಲ್ಲ. ಎಂಥ ಸಜ್ಜನನೂ ಒಬ್ಬಂಟಿಯಾಗಿ ತಪ್ಪಬಹುದು, ಬೆದರಿಕೆಗೆ ಒಳಗಾಗಬಹುದು, ಮೋಸಹೋಗಬಹುದು ಎಂಬ ಅನುಭವದಿಂದ ಹುಟ್ಟಿತು. ಸರ್ವರಿನ ವಿಷಯದಲ್ಲಿಯೂ ಅನುಸರಿಸಬೇಕಾದುದು ಇದನ್ನೇ. ಸರ್ವಾಧಿಕಾರದ ಗುಪ್ತಪದವು ಒಬ್ಬನ ವಶದಲ್ಲಿರಬಾರದು. ಹತ್ತು ಜನರು ಒಂದೇ ಗುಪ್ತಪದವನ್ನು ಹಂಚಿಕೊಳ್ಳಲೂ ಬಾರದು. ಒಬ್ಬನು ಕೋರಿಕೆ ಸಲ್ಲಿಸಿ ಇನ್ನೊಬ್ಬನು ಮಂಜೂರು ಮಾಡಿದ ಮೇಲೆಯೇ, ನಿಗದಿಯಾದ ಅವಧಿಗೆ ಮಾತ್ರ ಬಾಗಿಲು ತೆರೆಯಬೇಕು. ಒಳಗೆ ನಡೆದುದೆಲ್ಲ ದಾಖಲಾಗಬೇಕು, ಆ ದಾಖಲೆಯನ್ನು ಮೂರನೆಯವನು ಓದಬೇಕು. ದುರಸ್ತಿಗೆಂದು ಹೊರಗಿನ ಸಂಸ್ಥೆಗೆ ಕೊಟ್ಟ ಪ್ರವೇಶವನ್ನು ದುರಸ್ತಿ ಮುಗಿದೊಡನೆ ಹಿಂತೆಗೆದುಕೊಳ್ಳಬೇಕು. ಕೆಲಸ ಬಿಟ್ಟವನ ಕೀಲಿಕೈ ಅಂದೇ ನಿಷ್ಫಲವಾಗಬೇಕು.

ಹೊರಗಿನ ಸಂಸ್ಥೆಗಳ ಮಾತು ಅಲಕ್ಷಿಸುವಂಥದಲ್ಲ. ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಮ್ಮದೇ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದೆ, ಅವುಗಳ ಸರ್ವರುಗಳನ್ನು ದೂರದ ಸಂಸ್ಥೆಗಳು ನಿರ್ವಹಿಸುತ್ತವೆ. ೨೦೨೪ರ ಜುಲೈ ತಿಂಗಳ ಕೊನೆಯಲ್ಲಿ ಅಂಥ ಸಂಸ್ಥೆಯೊಂದರ ಮೇಲೆ ಆಕ್ರಮಣವಾದಾಗ ಪಾವತಿ ನಿಗಮವು ಅದರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಸುಮಾರು ೩೦೦ ಸಣ್ಣ ಬ್ಯಾಂಕುಗಳ ಗ್ರಾಹಕರು ಪಾವತಿಯ ಸೌಲಭ್ಯವಿಲ್ಲದೆ ಪರದಾಡಿದರು. ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು.

ಕಾವಲುಗಾರನ ಆರೋಗ್ಯ

ಎರಡು ಬೀಗಗಳಿದ್ದರೂ ಅವುಗಳನ್ನು ಕಾಯುವವನು ತೂಕಡಿಸಿದರೆ ಪ್ರಯೋಜನವೇನು? ಅಮೆರಿಕದಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಆದುದರಿಂದ ದೂರನಿರ್ವಹಣೆಯ ಕೆಲಸದ ಬಹುಭಾಗ ರಾತ್ರಿಪಾಳಿಯಲ್ಲಿ ನಡೆಯುತ್ತದೆ. ಮಾನವ ದೇಹದಲ್ಲಿ ಸುಮಾರು ೨೪ ಗಂಟೆಗಳ ಆವರ್ತನೆಯ ಒಂದು ಅಂತರಿಕ ಗಡಿಯಾರವಿದೆ. ಅದರ ಕಾರ್ಯವಿಧಾನವನ್ನು ಬಯಲುಮಾಡಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ೨೦೧೭ರಲ್ಲಿ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು. ಬೆಳಗಿನ ಜಾವ ಮೂರರಿಂದ ಐದು ಗಂಟೆಯ ಸುಮಾರಿಗೆ ದೇಹದ ಉಷ್ಣತೆ, ಮನಸ್ಸಿನ ಜಾಗರೂಕತೆ ಎರಡೂ ಕೆಳಮಟ್ಟಕ್ಕೆ ಇಳಿಯುತ್ತವೆ. ಒಂದು ತಪ್ಪು ಆಜ್ಞೆಯನ್ನು ಒತ್ತಲು ಆ ಗಳಿಗೆ ಸಾಕು.

ದೀರ್ಘಕಾಲದ ರಾತ್ರಿಪಾಳಿಯಿಂದ ಮಧುಮೇಹ, ಹೃದ್ರೋಗ, ಅಜೀರ್ಣ, ನಿದ್ರಾಹೀನತೆಗಳ ಸಂಭವ ಹೆಚ್ಚುವುದೆಂದು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೭ರಲ್ಲಿ ರಾತ್ರಿಪಾಳಿಯ ಕೆಲಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಅಂಶಗಳ ವರ್ಗಕ್ಕೆ ಸೇರಿಸಿ, ೨೦೧೯ರಲ್ಲಿ ಅದನ್ನೇ ಪುನಃ ಎತ್ತಿಹಿಡಿಯಿತು. ಭಯಪಡಬೇಕಾದುದಿಲ್ಲ, ಎಚ್ಚರಿಕೆ ಮಾತ್ರ ಅಗತ್ಯ. ಹಗಲು ಮಲಗುವ ಕೋಣೆಗೆ ದಟ್ಟವಾದ ಪರದೆ ಹಾಕಿ ಕತ್ತಲು ಮಾಡಬೇಕು. ದಿನವೂ ಒಂದೇ ವೇಳೆಗೆ ಮಲಗಬೇಕು. ಮಲಗುವುದಕ್ಕೆ ಆರು ಗಂಟೆ ಮುಂಚಿನಿಂದಲೇ ಕಾಫಿ, ಚಹಾಗಳನ್ನು ವರ್ಜಿಸಬೇಕು. ನಡುರಾತ್ರಿಯಲ್ಲಿ ಬಿರಿಯಾನಿಯಂಥ ಭಾರವಾದ ಊಟಕ್ಕಿಂತ ಲಘು ಆಹಾರ ಲೇಸು. ನಿದ್ದೆಗಣ್ಣಿನಲ್ಲಿ ದ್ವಿಚಕ್ರವಾಹನ ಓಡಿಸಲೇಬಾರದು. ವರ್ಷಕ್ಕೊಮ್ಮೆ ರಕ್ತದ ಒತ್ತಡ, ಸಕ್ಕರೆಯ ಪ್ರಮಾಣಗಳನ್ನು ಪರೀಕ್ಷಿಸಿಕೊಳ್ಳಬೇಕು. ಮನೆಯ ಹಿರಿಯರ ಪಾಲೂ ಇದರಲ್ಲಿದೆ: ಬೆಳಗ್ಗೆ ಹತ್ತಕ್ಕೆ ಮಲಗಿರುವ ಮಗನನ್ನೋ ಸೊಸೆಯನ್ನೋ ಸೋಮಾರಿಯೆಂದು ಭಾವಿಸದೆ, ಕರೆಗಂಟೆಯ ಸದ್ದನ್ನಾದರೂ ತಗ್ಗಿಸುವುದು.

ಬ್ಯಾಂಕುಗಳಲ್ಲಿ ಸೂಕ್ಷ್ಮ ಸ್ಥಾನಗಳಲ್ಲಿರುವ ನೌಕರರು ವರ್ಷಕ್ಕೊಮ್ಮೆ ಸತತವಾಗಿ ೧೦ ಕೆಲಸದ ದಿನಗಳಿಗೆ ಕಡಮೆಯಿಲ್ಲದಷ್ಟು ಕಾಲ ಕಡ್ಡಾಯ ರಜೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಒಬ್ಬನು ದೂರವಿದ್ದಾಗ ಅವನ ಕೆಲಸವನ್ನು ಇನ್ನೊಬ್ಬನು ನೋಡಿದರೆ ಅಕ್ರಮಗಳು ಬೆಳಕಿಗೆ ಬರುವುವೆಂಬುದು ಅದರ ಉದ್ದೇಶ. ದಣಿದ ದೇಹಕ್ಕೆ ಅದೇ ನಿಯಮ ವಿಶ್ರಾಂತಿಯನ್ನೂ ಕೊಡುತ್ತದೆ. ಸರ್ವರುಗಳನ್ನು ಕಾಯುವ ಎಲ್ಲ ಸಂಸ್ಥೆಗಳೂ ಇದನ್ನು ಅನುಸರಿಸಿದರೆ ಯಂತ್ರಕ್ಕೂ ಹಿತ, ಮನುಷ್ಯನಿಗೂ ಹಿತ.

ಮನೆಯ ಬಾಗಿಲಿನಲ್ಲಿ

ದೊಡ್ಡ ಸಂಸ್ಥೆಗಳ ಈ ವಿಚಾರ ಸಾಮಾನ್ಯ ಗೃಹಸ್ಥನಿಗೇಕೆ ಎಂದು ಕೆಲವರು ಕೇಳಬಹುದು. ದೂರನಿರ್ವಹಣೆ ಈಗ ಪ್ರತಿಯೊಬ್ಬನ ಜೇಬಿಗೂ ಬಂದಿದೆ. ಕಲಬುರಗಿಯಲ್ಲೋ ಧಾರವಾಡದಲ್ಲೋ ಇರುವ ತಂದೆಯ ಮೊಬೈಲು ಕೆಟ್ಟರೆ ಹೈದರಾಬಾದಿನ ಮಗನು ಒಂದು ಆ್ಯಪಿನ ಮೂಲಕ ಅದರ ಪರದೆಯನ್ನು ಇಲ್ಲಿಂದಲೇ ನೋಡಿ ಸರಿಪಡಿಸಬಲ್ಲನು. ಇದು ವರದಾನವೇ ಸರಿ. ಆದರೆ ಇದೇ ವರದಾನವನ್ನು ವಂಚಕರು ಬಲ್ಲರು. ಬ್ಯಾಂಕಿನ ಅಧಿಕಾರಿಯೆಂದೋ, ವಿದ್ಯುತ್ ಕಚೇರಿಯವನೆಂದೋ, ಗಣಕ ಕಂಪನಿಯ ಸಹಾಯಕನೆಂದೋ ಹೇಳಿಕೊಂಡು ಒಬ್ಬನು ಕರೆ ಮಾಡುತ್ತಾನೆ, ತೊಂದರೆಯಿದೆಯೆಂದು ಹೆದರಿಸುತ್ತಾನೆ, ಒಂದು ಆ್ಯಪನ್ನು ಇಳಿಸಿಕೊಂಡು ಪರದೆಯ ಮೇಲೆ ಕಾಣುವ ಅಂಕಿಗಳನ್ನು ಓದಿ ಹೇಳಬೇಕೆನ್ನುತ್ತಾನೆ. ಹೇಳಿದೊಡನೆ ಪರದೆಯ ಹತೋಟಿ ಅವನದಾಗುತ್ತದೆ. ಬ್ಯಾಂಕು ಕಳುಹಿಸುವ ಒ.ಟಿ.ಪಿ.ಯೂ ಅವನ ಕಣ್ಣಿಗೇ ಬೀಳುತ್ತದೆ. ಖಾತೆಯ ಗುಪ್ತಪದ, ಒ.ಟಿ.ಪಿ. ಎಂಬ ಎರಡು ಬೀಗದ ಕೈಗಳೂ ಒಬ್ಬನೇ ಅಪರಿಚಿತನಿಗೆ ಒಪ್ಪಿಸಿದಂತಾಯಿತು. ಎನಿಡೆಸ್ಕ್ ಎಂಬ, ಸ್ವತಃ ನಿರ್ದೋಷಿಯಾದ, ಆ್ಯಪಿನ ಇಂಥ ದುರುಪಯೋಗದ ಕುರಿತು ರಿಸರ್ವ್ ಬ್ಯಾಂಕು ೨೦೧೯ರ ಫೆಬ್ರವರಿಯಲ್ಲಿಯೇ ಎಚ್ಚರಿಕೆ ನೀಡಿತ್ತು.

೧೯೨೮ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಉಡುಪಿಯಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ಏಜೆಂಟನು ಪ್ರತಿದಿನ ಮನೆಬಾಗಿಲಿಗೆ ಬಂದು ಎರಡಾಣೆಯಂಥ ಕಿರುಕಾಣಿಕೆಯನ್ನು ಸಂಗ್ರಹಿಸುತ್ತಿದ್ದನು. ಅವನ ಮುಖ ಪರಿಚಿತ, ಮನೆ ಪರಿಚಿತ, ಕೈಯಲ್ಲಿ ಪಾಸ್‌ಬುಕ್ಕಿನ ಬರಹ. ಆ ವಿಶ್ವಾಸ ಕಣ್ಣಾರೆ ಕಂಡ ಮನುಷ್ಯನ ಮೇಲೆ ನಿಂತಿತ್ತು. ಕರೆಯಲ್ಲಿ ಕೇಳಿಬರುವ ಮಧುರವಾದ ಧ್ವನಿಗೆ ಅದೇ ವಿಶ್ವಾಸವನ್ನು ವರ್ಗಾಯಿಸುವುದು ವಿವೇಕವಲ್ಲ. ಯಾವ ಬ್ಯಾಂಕೂ ಗ್ರಾಹಕನ ಪರದೆಯನ್ನು ನೋಡಲು ತಾನಾಗಿ ಕರೆ ಮಾಡುವುದಿಲ್ಲ ಎಂಬ ಒಂದೇ ಮಾತನ್ನು ನೆನಪಿಟ್ಟರೆ ಬಹುಪಾಲು ಅನಾಹುತಗಳು ತಪ್ಪುತ್ತವೆ. ಸಂದೇಹವಿದ್ದರೆ ಕರೆಯನ್ನು ಕಡಿದು, ಪಾಸ್‌ಬುಕ್ಕಿನಲ್ಲಿಯೋ ಕಾರ್ಡಿನ ಹಿಂಬದಿಯಲ್ಲಿಯೋ ಮುದ್ರಿತವಾಗಿರುವ ಸಂಖ್ಯೆಗೆ ತಾನೇ ಕರೆ ಮಾಡಬೇಕು.

ಹಣ ಹೋದುದು ತಿಳಿದೊಡನೆ ಮಾಡಬೇಕಾದ ಕೆಲಸಗಳು ಮೂರು: ಮೊಬೈಲಿನ ಇಂಟರ್‌ನೆಟ್ ಸಂಪರ್ಕವನ್ನು ನಿಲ್ಲಿಸುವುದು; ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಯುವುದು; ೧೯೩೦ ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡುವುದು. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹರಿದುಹೋಗುತ್ತದೆ. ರಿಸರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆಯು, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲವೆಂದು ವಿಧಿಸಿತು. ಆದರೆ ಗುಪ್ತಪದಗಳನ್ನು ತಾನೇ ಕೊಟ್ಟವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾನೇ ಹೊರಬೇಕೆಂದೂ ಅದೇ ಸುತ್ತೋಲೆ ಹೇಳಿತು. ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಮುಚ್ಚಿಡುವ ಹಿರಿಯರು ಇದನ್ನು ಗಮನಿಸಬೇಕು. ಮೋಸಹೋದವನು ಅಪರಾಧಿಯಲ್ಲ, ಮೌನವೇ ನಷ್ಟಕ್ಕೆ ನೀರೆರೆಯುವುದು.

ಪ್ರತಿ ಮನೆಯಲ್ಲಿಯೂ ಎರಡು ಬೀಗಗಳ ನಿಯಮವನ್ನು ಇಂದಿನಿಂದಲೇ ಜಾರಿಗೆ ತರಬಹುದು. ಅಪರಿಚಿತನೊಬ್ಬನು ಹಣದ ವಿಚಾರವಾಗಿ ಕರೆ ಮಾಡಿದಾಗ, ಮನೆಯ ಇನ್ನೊಬ್ಬರಿಗೆ ತಿಳಿಸದೆ ಯಾವ ಗುಂಡಿಯನ್ನೂ ಒತ್ತುವುದಿಲ್ಲವೆಂದು ಪತಿಪತ್ನಿಯರು, ತಂದೆಮಕ್ಕಳು ತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳಲಿ. ಸರ್ವರುಗಳನ್ನು ಕಾಯುವ ವಿದ್ಯೆ ಬಲ್ಲ ಯುವಕ ಯುವತಿಯರು ಈ ನಗರದ ಕನ್ನಡ ಸಮಾಜದಲ್ಲಿ ಬೇಕಾದಷ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಸಂಘದ ಅಂಗಳದಲ್ಲಿ ಕುಳಿತು, ಹಿರಿಯರ ಮೊಬೈಲುಗಳನ್ನು ಕೈಯಲ್ಲಿ ಹಿಡಿದು, ಮುಖಾಮುಖಿಯಾಗಿ ಸರಿಪಡಿಸಿಕೊಟ್ಟರೆ ದೂರದ ಅಪರಿಚಿತನ ಸಹಾಯಕ್ಕೆ ಕೈಚಾಚುವ ಪ್ರಮೇಯವೇ ಬಾರದು.